ಹಸಿರೆಲ್ಲವೂ ಆರೋಗ್ಯವಲ್ಲ

ಕೆರೆಗಳು ಬತ್ತುತ್ತಿವೆ ಎಂಬ ಆತಂಕವನ್ನು ತುಮಕೂರು ಜಿಲ್ಲೆ ದಶಕಗಳಿಂದ ಕೇಳುತ್ತ ಬಂದಿದೆ. ಅದಕ್ಕಿಂತ ಸೂಕ್ಷ್ಮವಾದ, ಅಷ್ಟೇ ಗಂಭೀರವಾದ ಮತ್ತೊಂದು ಕುಸಿತ ಈಗ ನಮ್ಮ ಕಣ್ಣೆದುರೇ ನಡೆಯುತ್ತಿದೆ. ನೀರಿರುವ ಕೆರೆಗಳಲ್ಲೂ ಸಸ್ಯಲೋಕ ಬದಲಾಗುತ್ತಿದೆ. ತಾವರೆ, ನೈದಿಲೆ, ಜೇಕು, ಹೊನಗೊನೆ ಬೆಳೆಯಬೇಕಾದ ಜಾಗವನ್ನು ಅಂತರಗಂಗೆ, ಪಾಚಿ ಮತ್ತು ಬಳ್ಳಾರಿ ಜಾಲಿ ಆಕ್ರಮಿಸುತ್ತಿವೆ. ನಗರದ ಕೊಳಚೆಯಿಂದ ಪೋಷಣೆ ಪಡೆದ ಈ ಆಕ್ರಮಣಕ್ಕೆ ಏರುತ್ತಿರುವ ತಾಪಮಾನ ವೇಗ ಕೊಡುತ್ತಿದೆ.

ತುಮಕೂರು ನಗರದೊಳಗೆ ಸೇರಿಹೋಗಿರುವ ಶೆಟ್ಟಿಹಳ್ಳಿಯ ನಿವಾಸಿಗೆ ಕೆರೆಯ ಗಿಡಗಳ ಮಾತು ದೂರದ್ದೆನಿಸಬಹುದು. ಆದರೆ ನಗರದ ನಲ್ಲಿಗಳಿಗೆ ಬರುವ ಹೇಮಾವತಿ ನೀರು ಮೊದಲು ಸಂಗ್ರಹವಾಗುವುದು ಬುಗುಡನಹಳ್ಳಿ ಕೆರೆಯಲ್ಲಿ. ಗುಬ್ಬಿಯ ತೆಂಗು ಮತ್ತು ಅಡಿಕೆ ತೋಟಗಳ ಕೊಳವೆಬಾವಿಗಳು ಸುತ್ತಲಿನ ಕೆರೆಗಳಿಂದ ಇಂಗುವ ನೀರನ್ನು ನಂಬಿವೆ. ಜನಪದ ಗೀತೆಯಲ್ಲಿ ಹೆಸರಾದ ಕುಣಿಗಲ್ ದೊಡ್ಡಕೆರೆ ಇಂದಿಗೂ ಅಚ್ಚುಕಟ್ಟಿನ ರೈತರಿಗೆ ಆಸರೆ. ಕೆರೆಯಲ್ಲಿ ಏನು ಬೆಳೆಯುತ್ತದೆ ಎಂಬುದರ ಮೇಲೆ ಆ ನೀರಿನ ಗುಣ ನಿಂತಿದೆ. ಆದ್ದರಿಂದ ಈ ವಿಷಯದಲ್ಲಿ ಪ್ರತಿಯೊಬ್ಬ ನಾಗರಿಕನಿಗೂ ವಿವರಣೆ ಸಲ್ಲಬೇಕಾಗಿದೆ.

ಇದರ ಮಹತ್ವ ತಿಳಿಯಲು ಭೂಮಿಯ ಉತ್ತರದ ಅಂಚಿನತ್ತ ಒಮ್ಮೆ ನೋಡಬೇಕು. ಸೈಬೀರಿಯಾ, ಅಲಾಸ್ಕಾ, ಕೆನಡಾ ಮತ್ತು ಸ್ವೀಡನ್ನಿನ ಉತ್ತರ ಭಾಗಗಳಲ್ಲಿ ಸತತ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹೆಪ್ಪುಗಟ್ಟಿಯೇ ಇರುವ ನೆಲವಿದೆ. ವಿಜ್ಞಾನಿಗಳು ಅದನ್ನು ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಬೇಸಿಗೆಯಲ್ಲಿ ಅದರ ಮೇಲ್ಪದರ ಮಾತ್ರ ಕರಗಿ ಜೌಗಾಗುತ್ತದೆ. ಅಲ್ಲಿ ಹಾವಸೆ, ಕುರುಚಲು ಮತ್ತು ಜೇಕು ಬೆಳೆಯುತ್ತವೆ. ಕೆಳಗಿನ ಹೆಪ್ಪುನೆಲದಲ್ಲಿ ಸಹಸ್ರಾರು ವರ್ಷಗಳ ಸಸ್ಯಶೇಷ ಪೂರ್ತಿ ಕೊಳೆಯದೆ ಉಳಿದಿದೆ. ವಾತಾವರಣದಲ್ಲಿ ಇಂದು ಇರುವ ಇಂಗಾಲದ ಸುಮಾರು ಎರಡು ಪಟ್ಟು ಅಲ್ಲಿ ಸಂಚಿತವಾಗಿದೆ.

ಆರ್ಕ್ಟಿಕ್ ವಲಯ ಕಳೆದ ನಾಲ್ಕು ದಶಕಗಳಲ್ಲಿ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. ನೆಲ ಬೆಚ್ಚಗಾದಂತೆ ಹಲವೆಡೆ ಗಿಡಗಳು ಹುಲುಸಾದವು. ಆ ಬಯಲುಗಳು ಹಸಿರೇರುತ್ತಿರುವುದನ್ನು 1980ರ ದಶಕದಿಂದೀಚಿನ ಉಪಗ್ರಹ ಚಿತ್ರಗಳು ತೋರಿಸುತ್ತವೆ. ಗಿಡ ಹೆಚ್ಚಿದರೆ ಇಂಗಾಲ ಹೀರುವ ಶಕ್ತಿಯೂ ಹೆಚ್ಚುತ್ತದೆ, ಇದು ಲಾಭವೇ ಎಂದು ಭಾವಿಸುವುದು ಸುಲಭ. ನೆಲದ ಮೇಲೆ ನಿಂತು ಮಾಡಿದ ಅಳತೆಗಳು ಆ ಸಮಾಧಾನವನ್ನು ಉಳಿಸಲಿಲ್ಲ.

ಸ್ವೀಡನ್ನಿನ ಅಬಿಸ್ಕೊ ಸಮೀಪದ ಸ್ಟೊರ್ಡಾಲೆನ್ ಜೌಗು ಇದಕ್ಕೆ ಪ್ರಸಿದ್ಧ ನಿದರ್ಶನ. ಅಲ್ಲಿ ಹೆಪ್ಪು ಕರಗಿ ನೆಲ ಕುಸಿದ ಕಡೆಗಳಲ್ಲಿ ಕುರುಚಲು ಹಿಂದೆ ಸರಿಯಿತು. ನೀರು ನಿಂತ ಜಾಗದಲ್ಲಿ ಎರಿಯೋಫೋರಮ್ ಎಂಬ, ಜೇಕಿನ ಕುಟುಂಬಕ್ಕೆ ಸೇರಿದ ಸಸ್ಯ ಹಬ್ಬಿತು. ಅದರ ಬೇರು ಮತ್ತು ಎಲೆಗಳಲ್ಲಿ ಗಾಳಿ ಹರಿಯುವ ಟೊಳ್ಳು ನಾಳಗಳಿವೆ. ಕೆಸರಿನಲ್ಲಿ ಹುಟ್ಟಿದ ಮೀಥೇನ್ ಅನಿಲ ಆ ನಾಳಗಳ ಮೂಲಕ ನೇರವಾಗಿ ವಾತಾವರಣ ಸೇರುತ್ತದೆ. 1970ರಿಂದ 2000ರ ಅವಧಿಯಲ್ಲಿ ಆ ಜೌಗು ಹೊರಬಿಡುವ ಮೀಥೇನ್ ಶೇ 22ರಿಂದ 66ರಷ್ಟು ಹೆಚ್ಚಿತೆಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ. ಅಲ್ಲಿ ಹಸಿರಿನ ಜೊತೆಗೇ ಹಾನಿಯೂ ಬೆಳೆಯಿತು.

ನಮ್ಮ ಬಯಲುಸೀಮೆಯಲ್ಲಿ ಹೆಪ್ಪುನೆಲವಿಲ್ಲ. ಆದರೆ ನೀರು ನಿಂತ ಕೆಸರು, ಅದರಲ್ಲಿ ಕೊಳೆಯುವ ಸಸ್ಯ, ಟೊಳ್ಳು ನಾಳದ ಆಪು ಮತ್ತು ಜೇಕು ಇಲ್ಲಿಯೂ ಇವೆ. ತಾಪ ಹೆಚ್ಚಿದಾಗ ಯಾವ ಗಿಡ ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದು ಅಬಿಸ್ಕೊದಲ್ಲಿ ಎಷ್ಟು ನಿರ್ಣಾಯಕವೋ ಗುಬ್ಬಿ, ಕುಣಿಗಲ್ಲುಗಳಲ್ಲಿಯೂ ಅಷ್ಟೇ ನಿರ್ಣಾಯಕ. ಅಲ್ಲಿ ಒಂದೊಂದು ಗಿಡದ ಏರಿಳಿತವನ್ನೂ ದಶಕಗಳಿಂದ ಅಳೆಯುತ್ತಿದ್ದಾರೆ. ನಮ್ಮ ಆಡಳಿತದ ಭಾಷೆಯಲ್ಲಿ ಕೆರೆಯೆಂದರೆ ವಿಸ್ತೀರ್ಣ, ನೀರಿನ ಮಟ್ಟ ಮತ್ತು ಹೂಳು.

ಬಿಸಿ ಏರುತ್ತಿರುವುದರಲ್ಲಿ ಸಂದೇಹವಿಲ್ಲ. ಭಾರತೀಯ ಹವಾಮಾನ ಇಲಾಖೆಯ ದಾಖಲೆಯಂತೆ, 1901ರಿಂದ ಈಚೆಗೆ ದೇಶ ಕಂಡ ಅತ್ಯಂತ ಬಿಸಿಯಾದ ವರ್ಷ 2024. ಆ ವರ್ಷದ ಸರಾಸರಿ ತಾಪಮಾನ 1991–2020ರ ಸರಾಸರಿಗಿಂತ 0.65 ಡಿಗ್ರಿ ಹೆಚ್ಚಿತ್ತು. ವಿಶ್ವ ಹವಾಮಾನ ಸಂಸ್ಥೆಯ ಲೆಕ್ಕದಲ್ಲಿ ಅದೇ ವರ್ಷ ಭೂಮಿಯ ಸರಾಸರಿ ತಾಪಮಾನ ಕೈಗಾರಿಕಾಪೂರ್ವ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಮೇಲೇರಿತ್ತು. ಅಂಕಿ ಸಣ್ಣದಾಗಿ ಕಾಣುತ್ತದೆ. ಆದರೆ ಹೂಳು ತುಂಬಿ ಆಳ ಕಳೆದುಕೊಂಡ ಕೆರೆಯಲ್ಲಿ ಗಾಳಿಯ ಬಿಸಿ ಬೇಗನೆ ನೀರಿಗೂ, ನೀರಿನಿಂದ ಕೆಸರಿಗೂ ಇಳಿಯುತ್ತದೆ.

ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. 20 ಡಿಗ್ರಿಯಲ್ಲಿ ಒಂದು ಲೀಟರ್ ಶುದ್ಧ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಆ ಪ್ರಮಾಣ ಏಳೂವರೆ ಮಿಲಿಗ್ರಾಂಗೆ ಇಳಿಯುತ್ತದೆ. ಅದೇ ಬಿಸಿಯಲ್ಲಿ ಮೀನಿನ ಉಸಿರಾಟವೂ, ಕೊಳೆಸುವ ಸೂಕ್ಷ್ಮಜೀವಿಗಳ ಚಟುವಟಿಕೆಯೂ ಹೆಚ್ಚುತ್ತವೆ. ದಾಸ್ತಾನು ಕುಗ್ಗುವ ಹೊತ್ತಿಗೇ ಬೇಡಿಕೆ ಏರುತ್ತದೆ. ಬೇಸಿಗೆಯ ಬೆಳಗಿನಲ್ಲಿ ಕೆರೆಗಳಲ್ಲಿ ಮೀನು ಸತ್ತು ತೇಲುವುದಕ್ಕೆ ಇದೊಂದು ಮುಖ್ಯ ಕಾರಣ.

ಈ ಸ್ಥಿತಿಯಲ್ಲಿ ಲಾಭ ಪಡೆಯುವುದು ಅಂತರಗಂಗೆ. ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶದಿಂದ ಬಂದ ಈ ನೇರಳೆ ಹೂವಿನ ಜಲಕಳೆ 25ರಿಂದ 30 ಡಿಗ್ರಿ ಬಿಸಿಯಲ್ಲಿ, ಸಾರಜನಕ ಮತ್ತು ರಂಜಕ ಹೇರಳವಾಗಿರುವ ನೀರಿನಲ್ಲಿ ಅತಿ ವೇಗವಾಗಿ ಬೆಳೆಯುತ್ತದೆ. ಅನುಕೂಲ ದೊರೆತರೆ ಎರಡು ವಾರಗಳಲ್ಲಿ ಅದು ಆವರಿಸಿದ ಜಾಗ ಇಮ್ಮಡಿಯಾಗುತ್ತದೆ. ಈ ಲೆಕ್ಕದಲ್ಲಿ ಒಂದು ಗುಂಟೆಯಷ್ಟಿದ್ದ ಕಳೆ ಮೂರು ತಿಂಗಳಲ್ಲಿ ಒಂದೂವರೆ ಎಕರೆ ದಾಟುತ್ತದೆ. ಅದರ ಬೀಜ ಕೆಸರಿನಲ್ಲಿ ಹತ್ತಾರು ವರ್ಷ ಜೀವ ಹಿಡಿದಿರಬಲ್ಲದು. ಒಂದು ಸಲ ಯಂತ್ರ ಇಳಿಸಿ ತೆಗೆಸಿದ ಮಾತ್ರಕ್ಕೆ ಕೆರೆ ಶುದ್ಧವಾಯಿತೆಂದು ಘೋಷಿಸುವುದು ಜನರನ್ನು ದಾರಿ ತಪ್ಪಿಸಿದಂತೆ.

ಹೊದಿಕೆಯಂತೆ ಹಬ್ಬಿದ ಕಳೆಯ ಕೆಳಗೆ ಬೆಳಕು ಇಳಿಯುವುದಿಲ್ಲ. ನೀರಿನೊಳಗೇ ಬೆಳೆದು ಆಮ್ಲಜನಕ ಬಿಡುತ್ತಿದ್ದ ಸಸ್ಯಗಳು ಮೊದಲು ಸಾಯುತ್ತವೆ. ಆ ಗಿಡಗಳ ನಡುವೆ ಮೊಟ್ಟೆಯಿಡುವ ಮೀನು ಮತ್ತು ಕಪ್ಪೆಗಳು, ಅವುಗಳನ್ನು ನಂಬಿದ ಹಕ್ಕಿಗಳು ಬಳಿಕ ಮರೆಯಾಗುತ್ತವೆ. ಸತ್ತ ಕಳೆ ತಳಕ್ಕಿಳಿದು ಕೊಳೆಯುತ್ತದೆ. ಗಾಳಿಯಿಲ್ಲದ ಬೆಚ್ಚಗಿನ ಕೆಸರಿನಲ್ಲಿ ಆ ಕೊಳೆತದಿಂದ ಮೀಥೇನ್ ಹುಟ್ಟುತ್ತದೆ.

ಮೀಥೇನ್ ಸಾಮಾನ್ಯ ಅನಿಲವಲ್ಲ. 100 ವರ್ಷಗಳ ಅವಧಿಯಲ್ಲಿ ಅದರ ತಾಪವರ್ಧಕ ಶಕ್ತಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು. 20 ವರ್ಷಗಳ ಅವಧಿಯಲ್ಲಿ 80 ಪಟ್ಟಿಗೂ ಹೆಚ್ಚು. ಜಗತ್ತಿನಲ್ಲಿ ಈ ಅನಿಲದ ಬಹುದೊಡ್ಡ ನೈಸರ್ಗಿಕ ಮೂಲ ಜೌಗುಭೂಮಿಗಳೇ. ಬಿಸಿ ಹೆಚ್ಚಿದಂತೆ ಕೆಸರು ಹೆಚ್ಚು ಮೀಥೇನ್ ಬಿಡುತ್ತದೆ; ಅದು ಮತ್ತೆ ಬಿಸಿಯನ್ನು ಹೆಚ್ಚಿಸುತ್ತದೆ. ಕೆಟ್ಟುಹೋದ ಕೆರೆ ಹವಾಮಾನ ಬದಲಾವಣೆಗೆ ಬಲಿಯಾಗುವುದರ ಜೊತೆಗೆ, ತನ್ನ ಅಳತೆಗೆ ತಕ್ಕಷ್ಟು ಅದಕ್ಕೆ ಕಾರಣವೂ ಆಗುತ್ತದೆ.

ತಾಪದ ಜೊತೆಗೆ ಮಳೆಯ ಲಯವೂ ಕೆಟ್ಟಿದೆ. ತಾಪಮಾನ ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ಶೇ 7ರಷ್ಟು ಹೆಚ್ಚು ತೇವವನ್ನು ಹಿಡಿಯಬಲ್ಲದು. ಆದ್ದರಿಂದ ಬಂದಾಗ ಮಳೆ ಒಮ್ಮೆಲೇ ಸುರಿಯುತ್ತದೆ, ಬಾರದಿದ್ದಾಗ ನೆಲ ಬೇಗ ಒಣಗುತ್ತದೆ. 2022ರಲ್ಲಿ ರಾಜ್ಯದಲ್ಲಿ ಭಾರಿ ಮಳೆಯಾಗಿ ಕೆರೆಗಳು ಕೋಡಿ ಹರಿದವು. ಮರುವರ್ಷವೇ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರ ಘೋಷಿಸಬೇಕಾಯಿತು. ಒಂದು ವರ್ಷ ಉಕ್ಕುವ, ಇನ್ನೊಂದು ವರ್ಷ ಬಿರಿಯುವ ಕೆರೆಯಂಗಳದಲ್ಲಿ ನೆಲೆಯೂರುವುದು ಯಾವ ಸಸ್ಯಕ್ಕೂ ಸುಲಭವಲ್ಲ.

ನಮ್ಮ ಕೆರೆಗಳ ಮೂಲ ಸಸ್ಯಗಳು ಋತುಮಾನದ ಏರಿಳಿತಕ್ಕೆ ಹೊಂದಿಕೊಂಡವು. ಮುಂಗಾರಿನಲ್ಲಿ ಮೊಳೆತು, ಹಿಂಗಾರಿನ ಬಳಿಕ ಬೀಜ ಕಟ್ಟಿ, ಬೇಸಿಗೆಯಲ್ಲಿ ಗಡ್ಡೆಯಾಗಿಯೋ ಬೀಜವಾಗಿಯೋ ಹೂಳಿನಲ್ಲಿ ಉಳಿಯುವುದು ಅವುಗಳ ಕ್ರಮ. ಹೀಗೆ ನೆಲದಲ್ಲಿ ಹುದುಗಿದ ಜೀವ ಬಹುಕಾಲ ಉಳಿಯಬಲ್ಲದು. ಸೈಬೀರಿಯಾದ ಹೆಪ್ಪುನೆಲದಲ್ಲಿ 30 ಸಾವಿರ ವರ್ಷಗಳಿಗೂ ಹಿಂದೆ ಹುದುಗಿದ್ದ ಸೈಲೀನ್ ಎಂಬ ಗಿಡವೊಂದರ ಕಾಯಿಯ ಅಂಗಾಂಶದಿಂದ ರಷ್ಯಾದ ವಿಜ್ಞಾನಿಗಳು ಹೊಸ ಗಿಡ ಬೆಳೆಸಿದ ಸಂಗತಿಯನ್ನು 2012ರಲ್ಲಿ ಜಗತ್ತು ಅರಿಯಿತು. ಚೀನಾದ ಒಣಗಿದ ಕೆರೆಯೊಂದರಲ್ಲಿ ದೊರೆತ ಸುಮಾರು 1,300 ವರ್ಷ ಹಳೆಯ ತಾವರೆ ಬೀಜವೂ ಮೊಳೆತಿದೆ. ನೆಲದ ಸ್ಮೃತಿ ದೀರ್ಘವಾದುದು. ಅದನ್ನು ಕಳೆಯಲು ಮಾತ್ರ ಒಂದು ಬೇಸಿಗೆಯ ಜೆಸಿಬಿ ಸಾಕು.

ಹೂಳೆತ್ತುವ ಕಾಮಗಾರಿಗಳನ್ನು ಈ ದೃಷ್ಟಿಯಿಂದ ಮರುಪರಿಶೀಲಿಸಬೇಕಾಗಿದೆ. ಕೆರೆಯ ಆಳ ಹೆಚ್ಚಿಸುವುದು ಅಗತ್ಯ. ಆಳವಾದ ನೀರು ತಂಪಾಗಿಯೂ ಇರುತ್ತದೆ. ಆದರೆ ಅಂಗಳವನ್ನು ಅಂಚಿನಿಂದ ಅಂಚಿಗೆ ಒಂದೇ ಸಮನೆ ಕೆರೆದು ತೆಗೆದರೆ ಹೂಳಿನೊಂದಿಗೆ ಬೀಜ ಮತ್ತು ಗಡ್ಡೆಗಳ ಭಂಡಾರವೂ ಲಾರಿ ಹತ್ತುತ್ತದೆ. ಬರಿದಾದ ನೆಲಕ್ಕೆ ಮೊದಲು ಬರುವುದು ಕಳೆ. ಗೂಳೂರು ಕೆರೆಯ ಮಣ್ಣಿನಿಂದ ಪ್ರತಿ ವರ್ಷ ಮಹಾಗಣಪತಿಯನ್ನು ರೂಪಿಸಿ, ಪೂಜೆಯ ಬಳಿಕ ಅದೇ ಕೆರೆಗೆ ಮರಳಿಸುವ ಸಂಪ್ರದಾಯ ಈ ಜಿಲ್ಲೆಯದು. ಕೆರೆಯ ಮಣ್ಣಿಗೆ ಬೆಲೆಯಿದೆ ಎಂಬುದನ್ನು ಇಲ್ಲಿನ ಜನರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಟೆಂಡರ್ ದಾಖಲೆಗಳೂ ಅದನ್ನು ಒಪ್ಪಿಕೊಳ್ಳಬೇಕು.

ನೀರು ಹಿಂದೆ ಸರಿದ ಅಂಗಳದಲ್ಲಿ ಇನ್ನೊಂದು ಆಕ್ರಮಣ ನಡೆಯುತ್ತದೆ. ಮಧ್ಯ ಮತ್ತು ದಕ್ಷಿಣ ಅಮೆರಿಕ ಮೂಲದ ಬಳ್ಳಾರಿ ಜಾಲಿ ಬಿಸಿ ಮತ್ತು ಬರವನ್ನು ಸಹಿಸಿ ಹಬ್ಬುತ್ತದೆ. ಅದರ ಬೇರು ಆಳಕ್ಕಿಳಿಯುತ್ತದೆ. ಸತತ ಎರಡು ವರ್ಷ ಕೆರೆ ತುಂಬದಿದ್ದರೆ ಅದು ಪೊದೆಯಾಗಿ ಬಲಿಯುತ್ತದೆ. ದನಕರುಗಳಿಗೆ ಮೇವಾಗಿದ್ದ ಹುಲ್ಲು, ಅಡುಗೆಗೆ ಒದಗುತ್ತಿದ್ದ ಹೊನಗೊನೆ ಮತ್ತು ಒಂದೆಲಗ ಅದರ ನೆರಳಿನಲ್ಲಿ ಉಳಿಯುವುದಿಲ್ಲ. ಏರಿಯ ಮೇಲೆ ಬೇರು ಬಿಟ್ಟರೆ ಏರಿಯ ಭದ್ರತೆಗೂ ಕುಂದು.

ನಷ್ಟದ ಲೆಕ್ಕ ಸಸ್ಯಗಳಲ್ಲಿಗೇ ನಿಲ್ಲುವುದಿಲ್ಲ. ಅಂತರಗಂಗೆ ಮುಚ್ಚಿದ ಕೆರೆಯಲ್ಲಿ ಬಲೆ ಬೀಸಲಾಗದು. ಮೀನುಗಾರಿಕೆಯ ಹರಾಜು ಹಿಡಿದವರು ಸಾಲಗಾರರಾಗುತ್ತಾರೆ. ತೂಬು, ಕಾಲುವೆಗಳಲ್ಲಿ ಕಳೆ ಸಿಕ್ಕಿಕೊಂಡು ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ತಲುಪುವುದಿಲ್ಲ. ತಲುಪಿದ ಗದ್ದೆಯಲ್ಲೂ ಬಿಸಿ ತನ್ನ ಪಾಲು ಕೇಳುತ್ತದೆ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ತಾಕುಗಳಲ್ಲಿ ರಾತ್ರಿಯ ಕನಿಷ್ಠ ತಾಪಮಾನ ಒಂದು ಡಿಗ್ರಿ ಏರಿದಾಗ ಇಳುವರಿ ಸುಮಾರು ಶೇ 10ರಷ್ಟು ಇಳಿಯಿತೆಂದು 2004ರ ಅಧ್ಯಯನವೊಂದು ತೋರಿಸಿತು. ಕೆರೆಯ ಗಿಡವನ್ನೂ ಗದ್ದೆಯ ಪೈರನ್ನೂ ಒಂದೇ ಬಿಸಿ ಕಾಡುತ್ತಿದೆ.

ಇಲ್ಲಿನ ಕೆರೆಗಳು ಒಂದಕ್ಕೊಂದು ಜೋಡಣೆಗೊಂಡಿರುವುದರಿಂದ ಅಪಾಯವೂ ಒಂದೆಡೆ ನಿಲ್ಲುವುದಿಲ್ಲ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ನದಿ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ಹಾದು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ತಲುಪುತ್ತದೆ. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಯ ಒಳಹರಿವು. ಮೇಲೆ ಸೇರಿದ ಕೊಳಚೆ, ಮೇಲೆ ಹಬ್ಬಿದ ಕಳೆ ಒಂದು ದೊಡ್ಡ ಮಳೆಗೆ ಕೆಳಗಿನ ಊರಿನ ಸಮಸ್ಯೆಯಾಗುತ್ತದೆ. ಹೊಣೆಯನ್ನು ತಾಲ್ಲೂಕಿನ ಗಡಿಗೆ ಸೀಮಿತಗೊಳಿಸಿದರೆ ಪರಿಹಾರ ಸಿಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ ಅಗತ್ಯ. ಹವಾಮಾನ ಬದಲಾವಣೆ ಅಧಿಕಾರಿಗಳಿಗೆ ನೆಪವಾಗಬಾರದು. ಕೊಳಚೆಯಿಲ್ಲದ ನೀರಿನಲ್ಲಿ, ಬಿಸಿ ಎಷ್ಟಿದ್ದರೂ, ಅಂತರಗಂಗೆ ಕೆರೆಯನ್ನೇ ನುಂಗುವಷ್ಟು ಬೆಳೆಯದು. ರಾಜಕಾಲುವೆ ಒತ್ತುವರಿಯಾಗದಿದ್ದರೆ ಕಡಿಮೆ ಮಳೆಯಲ್ಲೂ ಕೆರೆಗೆ ಒಂದಿಷ್ಟು ನೀರು ಬರುತ್ತದೆ. ಜಗತ್ತಿನ ಬಿಸಿಯನ್ನು ತುಮಕೂರು ಒಂದೇ ತಗ್ಗಿಸಲಾರದು. ಆ ಬಿಸಿ ಇಲ್ಲಿ ಎಷ್ಟು ಹಾನಿ ಮಾಡಬೇಕೆಂಬುದು ಬಹುಮಟ್ಟಿಗೆ ಸ್ಥಳೀಯ ಆಡಳಿತದ ಕೈಯಲ್ಲಿದೆ.

ಹಾನಿ ಮಿತಿ ಮೀರಿದಾಗ ಏನಾಗುತ್ತದೆ ಎಂಬುದನ್ನು 70 ಕಿಲೋಮೀಟರ್ ದೂರದ ಬೆಂಗಳೂರು ತೋರಿಸಿದೆ. ಕೊಳಚೆ ಮತ್ತು ಕಳೆಯಿಂದ ತುಂಬಿದ ಬೆಳ್ಳಂದೂರು ಕೆರೆಯಲ್ಲಿ 2017ರ ಫೆಬ್ರುವರಿಯಲ್ಲೂ 2018ರ ಜನವರಿಯಲ್ಲೂ ಬೆಂಕಿ ಹೊತ್ತಿಕೊಂಡಿತು. 2018ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಕೆರೆಗಳ ಪುನಶ್ಚೇತನಕ್ಕಾಗಿ 500 ಕೋಟಿ ರೂಪಾಯಿಯನ್ನು ಪ್ರತ್ಯೇಕ ಖಾತೆಯಲ್ಲಿರಿಸುವಂತೆ ರಾಜ್ಯ ಸರ್ಕಾರಕ್ಕೆ ಆದೇಶಿಸಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಗೆ ಇದಕ್ಕಿಂತ ದುಬಾರಿ ಉದಾಹರಣೆ ಬೇಕಿಲ್ಲ. ರಾಜಧಾನಿಯ ದಾರಿಯಲ್ಲೇ ಬೆಳೆಯುತ್ತಿರುವ ತುಮಕೂರು ಆ ತಪ್ಪನ್ನು ಮತ್ತೆ ಮಾಡಬಾರದು.

ಸ್ಮಾರ್ಟ್ ಸಿಟಿ ಯೋಜನೆಗೆ 2016ರಲ್ಲಿ ಆಯ್ಕೆಯಾದ ಈ ನಗರದಲ್ಲಿ ಕೆರೆ ಅಭಿವೃದ್ಧಿಯ ಕಲ್ಪನೆಯೂ ಬದಲಾಗಬೇಕು. ಸುತ್ತ ನಡಿಗೆ ಪಥ, ಉದ್ಯಾನ, ದೀಪ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ದಡವನ್ನು ಕಡಿದಾಗಿಸಿ ಕಲ್ಲು ಹೊದಿಸಿದ ಕೆರೆಯಲ್ಲಿ ಮೊಣಕಾಲುದ್ದದ ನೀರಿನ ಅಂಚೇ ಇರುವುದಿಲ್ಲ. ಜೇಕು, ಆಪು, ನೈದಿಲೆ ಬೇರೂರುವುದು ಆ ಅಂಚಿನಲ್ಲಿ. ಹರಿದು ಬರುವ ಕಲ್ಮಷವನ್ನು ತಡೆದು ಶೋಧಿಸುವುದೂ ಅವೇ ಗಿಡಗಳು. ಅಂಚನ್ನು ಅಳಿಸಿ, ಬಳಿಕ ನೀರು ಹಸಿರುಗಟ್ಟಿತೆಂದು ಚಿಂತಿಸುವ ಅಭಿವೃದ್ಧಿ ಯಾರಿಗೂ ಉಪಕಾರಿಯಲ್ಲ.

ಕಾನೂನಿನಲ್ಲಿಯೂ ದೊಡ್ಡ ಕಂದಕವಿದೆ. ಕೇಂದ್ರ ಸರ್ಕಾರದ 2017ರ ಜೌಗುಭೂಮಿ ಸಂರಕ್ಷಣಾ ನಿಯಮಗಳು ನೀರಾವರಿಗಾಗಿ ಅಥವಾ ಕುಡಿಯುವ ನೀರಿಗಾಗಿ ನಿರ್ಮಿಸಿದ ಜಲಮೂಲಗಳನ್ನು ಜೌಗುಭೂಮಿಯ ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ಕರ್ನಾಟಕದ 36 ಸಾವಿರಕ್ಕೂ ಹೆಚ್ಚು ಕೆರೆಗಳಲ್ಲಿ ಬಹುಪಾಲು ಕಟ್ಟಿದ್ದೇ ನೀರಾವರಿಗೆ. ಶತಮಾನಗಳಿಂದ ಹಕ್ಕಿ, ಮೀನು, ಸಸ್ಯಗಳಿಗೆ ನೆಲೆಯಾದ ಕುಣಿಗಲ್, ಕಡಬ, ಗೂಳೂರಿನ ಕೆರೆಗಳು ಈ ಒಂದು ವಾಕ್ಯದಿಂದಾಗಿ ಆ ನಿಯಮಗಳ ರಕ್ಷಣೆಗೆ ಹೊರಗಾಗುತ್ತವೆ.

ಈ ವಿಂಗಡಣೆ ಅತಾರ್ಕಿಕವೆಂಬುದಕ್ಕೆ ರಾಜ್ಯದಲ್ಲೇ ಸಾಕ್ಷ್ಯವಿದೆ. 2022ರಲ್ಲಿ ರಂಗನತಿಟ್ಟು, 2024ರಲ್ಲಿ ವಿಜಯನಗರ ಜಿಲ್ಲೆಯ ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿದವು. ಇವುಗಳಲ್ಲಿ ಅಂಕಸಮುದ್ರ ಮತ್ತು ಮಾಗಡಿ ಎರಡೂ ಮೂಲತಃ ನೀರಾವರಿಗಾಗಿ ಕಟ್ಟಿದ ಕೆರೆಗಳು. ಅಂಕಸಮುದ್ರದ ನೀರಿನ ನಡುವಿನ ಜಾಲಿಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ. ಮಾಗಡಿಗೆ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮನುಷ್ಯ ಕಟ್ಟಿದ ಕೆರೆಯೂ ಜಗತ್ತು ಗೌರವಿಸುವ ಜೌಗುಭೂಮಿಯಾಗಬಲ್ಲದು ಎಂದು ಅಂತರರಾಷ್ಟ್ರೀಯ ಒಡಂಬಡಿಕೆ ಒಪ್ಪಿರುವಾಗ, ನಮ್ಮ ನಿಯಮಾವಳಿ ಅದನ್ನು ನಿರಾಕರಿಸುವುದೇಕೆ?

ಇರುವ ರಕ್ಷಣೆಯನ್ನೂ ಸಡಿಲಿಸುವ ಯತ್ನ ನಡೆದಿದೆ. ಕರ್ನಾಟಕದ 2014ರ ಕೆರೆ ಸಂರಕ್ಷಣಾ ಕಾಯ್ದೆ ಕೆರೆಯಂಚಿನಿಂದ 30 ಮೀಟರ್‌ವರೆಗೆ ನಿರ್ಮಾಣವನ್ನು ನಿರ್ಬಂಧಿಸುತ್ತದೆ. 2025ರಲ್ಲಿ ರಾಜ್ಯ ಸರ್ಕಾರ ಈ ಅಂತರವನ್ನು ಕೆರೆಯ ವಿಸ್ತೀರ್ಣಕ್ಕೆ ಅನುಗುಣವಾಗಿ ಕಡಿತಗೊಳಿಸುವ ತಿದ್ದುಪಡಿ ಮಸೂದೆಯನ್ನು ಶಾಸನಸಭೆಯ ಮುಂದಿಟ್ಟಿತು. ಬಿಸಿ ಹೆಚ್ಚುತ್ತಿರುವ ಕಾಲದಲ್ಲಿ ಸಣ್ಣ ಕೆರೆಗೇ ನೆರಳು ಮತ್ತು ಶೋಧಕ ಸಸ್ಯಗಳ ಅಗತ್ಯ ಹೆಚ್ಚು. ಬೇಗ ಬಿಸಿಯಾಗುವುದೂ ಬೇಗ ಬತ್ತುವುದೂ ಅದೇ. ಸಣ್ಣದೆಂಬ ಕಾರಣಕ್ಕೆ ರಕ್ಷಣೆ ಕಡಿಮೆ ಮಾಡುವುದು ವಿಜ್ಞಾನಕ್ಕೆ ವಿರುದ್ಧವಾದ ನಡೆ. ಸರ್ಕಾರ ಈ ಚಿಂತನೆಯನ್ನು ಕೈಬಿಡಬೇಕು.

ಹಾಗಾದರೆ ಯಾರು ಏನು ಮಾಡಬೇಕು? ಮೊದಲ ಹೊಣೆ ತುಮಕೂರು ಮಹಾನಗರ ಪಾಲಿಕೆಯದು. ಮಳೆನೀರಿನ ಕಾಲುವೆಗೆ ಒಳಚರಂಡಿಯ ನೀರು ಸೇರುವ ಪ್ರತಿಯೊಂದು ಸ್ಥಳವನ್ನೂ ಗುರುತಿಸಿ, ಬಡಾವಣೆವಾರು ಪಟ್ಟಿ ಪ್ರಕಟಿಸಿ, ಮುಚ್ಚುವ ಗಡುವನ್ನು ಸಾರ್ವಜನಿಕವಾಗಿ ಘೋಷಿಸಬೇಕು. ಸಂಸ್ಕರಿಸಿದ ನೀರಿನಲ್ಲಿ ಉಳಿಯುವ ಸಾರಜನಕ ಮತ್ತು ರಂಜಕದ ಪ್ರಮಾಣವನ್ನು ಪ್ರತಿ ತಿಂಗಳು ಜನರ ಮುಂದಿಡಬೇಕು. ಗುಬ್ಬಿ ಮತ್ತು ಕುಣಿಗಲ್ ಪಟ್ಟಣಗಳ ಸ್ಥಳೀಯ ಸಂಸ್ಥೆಗಳಿಗೂ ಇದೇ ಕರ್ತವ್ಯ ಅನ್ವಯಿಸುತ್ತದೆ.

ಎರಡನೆಯ ಹೊಣೆ ಸಣ್ಣ ನೀರಾವರಿ ಇಲಾಖೆ ಮತ್ತು ಜಿಲ್ಲಾ ಪಂಚಾಯಿತಿಯದು. ಇನ್ನು ಮುಂದೆ ಯಾವ ಕೆರೆಯ ಹೂಳನ್ನೂ ಸಸ್ಯ ಸಮೀಕ್ಷೆಯಿಲ್ಲದೆ ತೆಗೆಯಬಾರದು. ಅಂಗಳದ ಒಂದು ಭಾಗವನ್ನು ಮುಟ್ಟದೆ ಉಳಿಸಬೇಕು. ದಡದ ಇಳಿಜಾರನ್ನು ಕಾಯ್ದುಕೊಳ್ಳಬೇಕು. ಏರಿಯ ಮೇಲಿನ ಬಳ್ಳಾರಿ ಜಾಲಿಯನ್ನು ಬುಡಸಹಿತ ತೆಗೆಸಬೇಕು. ಕೆರೆಯ ನೀರಿನ ಮಟ್ಟವನ್ನೂ ತೂಬನ್ನೂ ನೋಡಿಕೊಳ್ಳುತ್ತಿದ್ದ ನೀರಗಂಟಿಯ ವ್ಯವಸ್ಥೆಗೆ ಗೌರವಧನ ಮತ್ತು ತರಬೇತಿಯೊಂದಿಗೆ ಮರುಜೀವ ನೀಡಬೇಕು. ಕಳೆಯ ಮೊದಲ ಗುಂಟೆಯನ್ನು ಗುರುತಿಸಬಲ್ಲವನು ದಿನವೂ ಏರಿಯ ಮೇಲೆ ನಡೆಯುವವನೇ.

ಮೂರನೆಯದು ಜ್ಞಾನಸಂಸ್ಥೆಗಳ ಹೊಣೆ. 1980ರ ದಶಕದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನಿಯೋಕೆಟಿನಾ ಎಂಬ ಮೂತಿಹುಳುವನ್ನು ಬಿಟ್ಟು ಬೆಂಗಳೂರಿನ ಹಲವು ಕೆರೆಗಳಲ್ಲಿ ಅಂತರಗಂಗೆಯನ್ನು ಹತೋಟಿಗೆ ತಂದಿದ್ದರು. ಅದೇ ಸಂಸ್ಥೆಯ ಕೃಷಿ ವಿಜ್ಞಾನ ಕೇಂದ್ರ ತುಮಕೂರು ಸಮೀಪದ ಹಿರೇಹಳ್ಳಿಯಲ್ಲಿದೆ. ಕೊಳಚೆ ತಡೆದ ಕೆರೆಗಳಲ್ಲಿ ಈ ಜೈವಿಕ ವಿಧಾನವನ್ನು ಮತ್ತೆ ಪ್ರಯೋಗಿಸಬೇಕು. 2004ರಲ್ಲಿ ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾಲಯ ಆಯ್ದ ಕೆರೆಗಳಲ್ಲಿ ನೀರಿನ ತಾಪ, ಆಮ್ಲಜನಕ ಮತ್ತು ಸಸ್ಯಗಳ ಹರಹನ್ನು ವರ್ಷವರ್ಷವೂ ಅಳೆಯುವ ದೀರ್ಘಕಾಲಿಕ ಕೇಂದ್ರವನ್ನು ಆರಂಭಿಸಬೇಕು. ಅಬಿಸ್ಕೊದ ಅರಿವು ಹುಟ್ಟಿದ್ದು ಇಂಥ ತಾಳ್ಮೆಯ ಅಳತೆಯಿಂದ.

ನಾಲ್ಕನೆಯದು ರಾಜ್ಯ ಸರ್ಕಾರದ ಹೊಣೆ. 2.25 ಹೆಕ್ಟೇರಿಗಿಂತ ದೊಡ್ಡದಾದ ದೇಶದ 2,01,503 ಜೌಗುಭೂಮಿಗಳಿಗೆ ರಕ್ಷಣೆ ಇರಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ನಿರ್ದೇಶಿಸಿತ್ತು. ಸ್ಥಳ ಪರಿಶೀಲನೆ ಮತ್ತು ಗಡಿ ಗುರುತಿಸುವ ಕಾರ್ಯವನ್ನು ಮುಗಿಸುವಂತೆ 2024ರ ಡಿಸೆಂಬರ್‌ನಲ್ಲಿ ಮತ್ತೆ ಆದೇಶಿಸಿತು. ಈ ಜಿಲ್ಲೆಯ ಕೆರೆಗಳ ಮಟ್ಟಿಗೆ ಆ ಕಾರ್ಯ ಎಲ್ಲಿಗೆ ಬಂದಿದೆ ಎಂಬುದನ್ನು ಸರ್ಕಾರ ಜನರಿಗೆ ತಿಳಿಸಬೇಕು. ಜೀವಸಂಪತ್ತು ಹೆಚ್ಚಿರುವ ನೀರಾವರಿ ಕೆರೆಗಳಿಗೆ ರಕ್ಷಣೆ ನೀಡುವಂತೆ ನಿಯಮ ತಿದ್ದಲು ಕೇಂದ್ರದ ಮೇಲೆ ಒತ್ತಡ ತರಬೇಕು.

ಐದನೆಯ ಹೊಣೆ ನಮ್ಮೆಲ್ಲರದು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಆ ದಾಖಲೆಯಲ್ಲಿ ನಮ್ಮೂರ ಕೆರೆಯ ಗಿಡಗಳ ಪುಟವಿದೆಯೇ ಎಂದು ಗ್ರಾಮಸಭೆಯಲ್ಲೂ ವಾರ್ಡ್ ಸಭೆಯಲ್ಲೂ ಕೇಳುವ ಹಕ್ಕು ಪ್ರತಿ ನಾಗರಿಕನಿಗಿದೆ. ಯಾವ ಸೊಪ್ಪು ಎಲ್ಲಿ ಸಿಗುತ್ತಿತ್ತು, ಯಾವ ವರ್ಷದಿಂದ ಕಾಣೆಯಾಯಿತು ಎಂಬುದು ಹಿರಿಯ ಹೆಣ್ಣುಮಕ್ಕಳಿಗೆ, ಮೀನು ಹಿಡಿಯುವವರಿಗೆ, ದನ ಕಾಯುವವರಿಗೆ ಗೊತ್ತಿದೆ. ಆ ಅರಿವು ಅವರೊಂದಿಗೇ ಅಳಿದುಹೋಗುವ ಮುನ್ನ ದಾಖಲೆಗೆ ಸೇರಬೇಕು.

ಕುಡಿಯುವ ನೀರಿಗೇ ಪರದಾಡುವ ಜಿಲ್ಲೆಯಲ್ಲಿ ಗಿಡಗಳಿಗೇಕೆ ಇಷ್ಟು ಗಮನ ಎಂಬ ಪ್ರಶ್ನೆ ಸಹಜ. ಹೇಮಾವತಿ ನೀರಿನ ಹಂಚಿಕೆಗಾಗಿ ಇಲ್ಲಿನ ತಾಲ್ಲೂಕುಗಳ ನಡುವೆ ವಿವಾದ ಎದ್ದಿರುವುದೂ ನಿಜ. ಆದರೆ ದೂರದ ಗೊರೂರಿನಿಂದ ನಾಲೆಯಲ್ಲಿ ಹರಿದು ಬಂದ ನೀರನ್ನು ಕೊಳೆತ ಕಳೆಯ ಕೆರೆಗೆ ಬಿಟ್ಟರೆ ಅದನ್ನು ಶುದ್ಧೀಕರಿಸುವ ವೆಚ್ಚವನ್ನು ಜನರೇ ತೆರಬೇಕು. ನೀರಿನ ಪ್ರಮಾಣಕ್ಕಾಗಿ ನಡೆಯುವ ಹೋರಾಟ, ನೀರಿನ ಗುಣ ಕಾಯುವ ಸಸ್ಯಗಳನ್ನು ಮರೆತರೆ ಅಪೂರ್ಣವಾಗುತ್ತದೆ.

ಜಗತ್ತಿನ ಬಿಸಿಗೆ ಕಾರಣವಾದ ಹೊಗೆಯಲ್ಲಿ ಈ ಜಿಲ್ಲೆಯ ಸಣ್ಣ ರೈತನ ಪಾಲು ನಗಣ್ಯ. ಪರಿಹಾರದಲ್ಲಿ ಮಾತ್ರ ತುಮಕೂರು ತನ್ನ ಪಾಲನ್ನು ಈಗಾಗಲೇ ನೀಡಿದೆ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ, ರೈತರು ಗುತ್ತಿಗೆಗೆ ಕೊಟ್ಟ ನೆಲದಲ್ಲಿ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ನಿಂತಿದೆ. ನಾಡಿನ ಶುದ್ಧ ವಿದ್ಯುತ್ತಿಗಾಗಿ ನೆಲ ಕೊಟ್ಟ ಜಿಲ್ಲೆಗೆ ತನ್ನ ಕೆರೆಗಳ ಉಳಿವನ್ನು ಕೇಳುವ ನೈತಿಕ ಅಧಿಕಾರವಿದೆ. ಅದನ್ನು ಈಡೇರಿಸುವ ಋಣ ಸರ್ಕಾರದ ಮೇಲಿದೆ.

ಫೆಬ್ರುವರಿ 2 ವಿಶ್ವ ಜೌಗುಭೂಮಿ ದಿನ. 1971ರ ಅದೇ ದಿನ ಇರಾನಿನ ರಾಮ್ಸರ್ ಪಟ್ಟಣದಲ್ಲಿ ಒಡಂಬಡಿಕೆಗೆ ಸಹಿ ಬಿದ್ದಿತು. ಬರುವ ಫೆಬ್ರುವರಿ 2ರಂದು ಜಿಲ್ಲಾಡಳಿತ ಭಾಷಣಗಳ ಬದಲಿಗೆ ಒಂದು ದಾಖಲೆಯನ್ನು ಜನರ ಮುಂದಿಡಲಿ: ತುಮಕೂರು, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ಪ್ರತಿ ಕೆರೆಯಲ್ಲಿ ಯಾವ ಸಸ್ಯಗಳಿವೆ, ಕಳೆ ಎಷ್ಟು ಭಾಗ ಆವರಿಸಿದೆ, ಕೊಳಚೆ ಎಲ್ಲೆಲ್ಲಿ ಸೇರುತ್ತಿದೆ, ಅದನ್ನು ತಡೆಯಬೇಕಾದ ಅಧಿಕಾರಿ ಯಾರು. ಆ ಬಳಿಕ ಪ್ರತಿ ವರ್ಷ ಅದೇ ದಿನ ಹಿಂದಿನ ಪಟ್ಟಿಯೊಂದಿಗೆ ಹೋಲಿಸಿ ಲೆಕ್ಕ ಒಪ್ಪಿಸಲಿ. ಈ ಲೆಕ್ಕ ಕೊಡುವುದು ಆಡಳಿತದ ಕರ್ತವ್ಯ. ಕೊಡುವವರೆಗೂ ಕೇಳುತ್ತಿರುವುದು ನಮ್ಮ ಕರ್ತವ್ಯ.